ಹರಿದ ನಾಲ್ಕು ಪುಟ

ತೊಂಬತ್ತರ ದಶಕದಲ್ಲಿ ಕೇಂದ್ರ ಸರ್ಕಾರದ ಸಾಂಸ್ಕೃತಿಕ ನೀತಿಯ ಕರಡಿನ ಬಗ್ಗೆ ಅಭಿಪ್ರಾಯ ಕೇಳಲು ಸಮಿತಿಯೊಂದು ನಾಗಪುರಕ್ಕೆ ಬಂದಿತ್ತು. ನಾನು ಆಗಷ್ಟೇ ಸರ್ಕಾರಿ ಕಚೇರಿಯಿಂದ ನಿವೃತ್ತನಾಗಿದ್ದೆ. ಕರಡು ತಿದ್ದುವುದೇ ನನ್ನ ಕೆಲಸವಾಗಿದ್ದರಿಂದ ಇಲ್ಲಿನ ಕನ್ನಡಿಗರ ಮನವಿ ಬರೆಯುವ ಹೊಣೆ ನನಗೇ ಬಿತ್ತು.

ಮನವಿ ಬೇಕಿದ್ದದ್ದು ಅಕ್ಕೋರಿಗೆ. ಧಾರವಾಡದ ಕಡೆಯ ಈ ನಿವೃತ್ತ ಶಿಕ್ಷಕಿ ಇಲ್ಲಿನ ಮಹಾಲ್ ಬಡಾವಣೆಯ ಶಾಲೆಯೊಂದರ ಕೋಣೆಯಲ್ಲಿ ಪ್ರತಿ ಭಾನುವಾರ ನಮ್ಮ ಮಕ್ಕಳಿಗೆ ಕನ್ನಡ ಓದಲು ಕಲಿಸುತ್ತಿದ್ದರು. ನನ್ನ ಮೊಮ್ಮಗಳನ್ನೂ ಹತ್ತು ಗಂಟೆಗೆ ಸರಿಯಾಗಿ ಅಲ್ಲಿ ಬಿಡುತ್ತಿದ್ದೆ. ಸರ್ಕಾರ ಒಪ್ಪಿದ ಸಾಂಸ್ಕೃತಿಕ ಚಟುವಟಿಕೆಯಾದರೆ ಮಾತ್ರ ಕೋಣೆ ಕೊಡುತ್ತೇವೆ, ಇಲ್ಲವಾದರೆ ಬಿಡಿ ಎಂದು ಶಾಲೆಯವರು ಹೇಳಿದ್ದರು.

ಅಕ್ಕೋರು ನಾಲ್ಕು ಪುಟ ಬರೆದು ತಂದರು. ಹುಡುಗಿಯೊಬ್ಬಳು ಊರಿನ ಅಜ್ಜಿಯ ಪತ್ರವನ್ನು ಮೊದಲ ಸಲ ತಾನೇ ಓದಿದ್ದು, ತಂದೆ ಬಾಗಿಲಲ್ಲಿ ನಿಂತು ಕೇಳಿದ್ದು, ಎಲ್ಲ ಅದರಲ್ಲಿತ್ತು. ಸಮಿತಿಯ ನಮೂನೆಯಲ್ಲಿ ಸಂಗೀತ, ನೃತ್ಯ, ನಾಟಕ, ಶಿಲ್ಪಗಳಿಗೆ ಅಂಕಣಗಳಿದ್ದವು. ಕೊನೆಗೆ ‘ಇತರೆ’ ಎಂದು ಒಂದು ಸಾಲು. ನಮೂನೆ ಮೀರಿ ಬರೆದ ಕಾಗದಗಳನ್ನು ಮೂವತ್ತು ವರ್ಷ ಹಿಂದಿರುಗಿಸಿದವನು ನಾನು. ‘ಮಕ್ಕಳ ಭಾನುವಾರದ ಭಾಷಾ ತರಗತಿ’ ಎಂದು ಆ ಸಾಲಿನಲ್ಲಿ ಟೈಪ್ ಮಾಡಿದೆ. ಶುದ್ಧಪ್ರತಿ ಸಿದ್ಧವಾದ ಮೇಲೆ ಕರಡು ಹರಿದುಹಾಕುವುದು ಕಚೇರಿಯ ಪದ್ಧತಿ. ನಾಲ್ಕು ಪುಟಗಳನ್ನೂ ಹರಿದೆ.

ಅಕ್ಕೋರು ಆ ಸಾಲು ಓದಿ ಕನ್ನಡಕ ತೆಗೆದರು. “ಸಾಹೇಬರ, ನಿಮ್ಮ ಕೈಯಾಗ ನನ್ನ ಲಗ್ನಪತ್ರಿಕೆ ಕೊಟ್ಟಿದ್ರ ಗಂಡನ್ನೂ ಇತರೆದಾಗ ಹಾಕ್ತಿದ್ರಿ.”

ನಾನೂ ನಕ್ಕೆ.

ರಾಮದಾಸಪೇಠ್‌ನ ಸಭಾಂಗಣದಲ್ಲಿ ಸಮಿತಿಯ ಮುಂದೆ ನಮ್ಮ ಸರದಿ ಬಂತು. ಭಾಷೆ ಕಲಿಸುವುದು ಶಿಕ್ಷಣ ಇಲಾಖೆಯ ವಿಷಯ, ಕನ್ನಡವಾದರೆ ಕರ್ನಾಟಕದ್ದು ಎಂದು ಸದಸ್ಯರೊಬ್ಬರು ಹಿಂದಿಯಲ್ಲಿ ಹೇಳಿ ಹಾಳೆ ಮಗುಚಿದರು. ಪಕ್ಕದಲ್ಲಿದ್ದ ವಯಸ್ಸಾದ ಸದಸ್ಯರು ಮಾತ್ರ ತಡೆದು, ತರಗತಿಯ ವಿವರ ಬರೆದು ತಂದಿದ್ದರೆ ಕೊಡಿ, ವರದಿಗೆ ಲಗತ್ತಿಸಿ ಸಂಸತ್ತಿಗೆ ಕಳಿಸುತ್ತೇನೆ ಎಂದರು. ಅಕ್ಕೋರು ನನ್ನತ್ತ ತಿರುಗಿದರು.

“ಅವು ನಾಕು ಹಾಳಿ ಕೊಡ್ರಿ.”

“ಹರದೇನ್ರಿ, ಅಕ್ಕೋರ.”

ಅಕ್ಕೋರು ಕುರ್ಚಿಯಿಂದ ಎದ್ದರು. ಸಮಿತಿಯವರು ಮುಂದಿನವರನ್ನು ಕರೆದರು.

ವರದಿ ಬಂದಾಗ ನಮೂನೆಯ ಅಂಕಣಗಳೇ ಅದರ ಅಧ್ಯಾಯಗಳಾಗಿದ್ದವು. ಸಂಸ್ಕೃತಿ ಎಂದರೆ ವೇದಿಕೆಯ ಮೇಲಿನದು, ಭಾಷೆಗೆ ಅದರದೇ ರಾಜ್ಯವಿದೆ ಎಂದು ಯಾರೋ ಮೊದಲೇ ತೀರ್ಮಾನಿಸಿ ಗೆರೆ ಎಳೆದಿದ್ದರು. ಮುಂದೆ ಬರುವ ಕಾನೂನೂ ಅದೇ ಗೆರೆಯ ಮೇಲೆ ನಡೆಯುತ್ತದೆ. ನಾಲ್ಕು ಪುಟ ಅದನ್ನು ಅಳಿಸುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಆ ಗೆರೆ ನನ್ನೊಳಗೂ ಇತ್ತು. ಅದಕ್ಕೇ ಅಷ್ಟು ನೀಟಾಗಿ ಹರಿದೆ.

ಮಳೆಗಾಲ ಹಿಡಿಯುವ ಮೊದಲೇ ಕೋಣೆ ಹೋಯಿತು. ಅಕ್ಕೋರು ಮನೆಯಲ್ಲಿ ಕೆಲವು ವಾರ ಪಾಠ ಮಾಡಿದರು, ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಮೊಮ್ಮಗಳು ಕಾಗುಣಿತ ದಾಟಿರಲಿಲ್ಲ. ಈಗಲೂ ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಾಳೆ. ನಾನು ಬರೆದದ್ದನ್ನು ಓದಲಾರಳು, ಇದನ್ನೂ.