ಆವಿಗೆಯಲ್ಲಿ ಸುಟ್ಟ ಚೀನಿ ಚೂರುಗಳು

ಹೋದ ವಾರ ಬೆಳಗಾವಿ ಟಿಳಕವಾಡಿಯ ನಮ್ಮ ಮನೆಯಲ್ಲಿ ಸೊಸೆಯ ಕೈಯಿಂದ ಒಂದು ಬಶಿ ಜಾರಿ ಬಿತ್ತು. ನೀಲಿ ಅಂಚಿನ ಚೀನಿಮಣ್ಣಿನ ಬಶಿ. ಅವಳು ಕಸಬರಿಗೆ ತರಲು ಹೋದಳು. ನಾನು ಕೂತಲ್ಲಿಂದಲೇ ಚೂರುಗಳನ್ನು ನೋಡುತ್ತ, ಇದು ಬಳ್ಳಿಯ ಎಲೆಗೆ ಆದೀತು, ಇದು ಎಲೆಯ ತೊಟ್ಟಿಗೆ ಆದೀತು ಎಂದು ಗುನುಗುತ್ತಿದ್ದೆ. ಎಪ್ಪತ್ತು ದಾಟಿದವಳಿಗೆ ಇದೆಂಥ ಹುಚ್ಚು ಎಂದು ಸೊಸೆ ನಕ್ಕಳು. ನಗಲಿ. ಅವಳಿಗೆ ನಮ್ಮ ಅಕ್ಕೋರು ಗೊತ್ತಿಲ್ಲ...

ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ನಾವಾಗ ಖಾನಾಪುರದಲ್ಲಿದ್ದೆವು. ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅನ್ನುವುದು. ನಮ್ಮ ಹೆಣ್ಣುಮಕ್ಕಳ ಶಾಲೆಗೆ ಇದ್ದವರು ಅವರೊಬ್ಬರೇ. ಬೆಳಗಾವಿಯಿಂದ ಬಂದವರು. ಎತ್ತರದ ಆಳು, ಮಾತು ಕಡಿಮೆ, ಹಿಡಿದ ಹಟ ಬಿಡುವ ಪೈಕಿಯವರಲ್ಲ.

ಶಾಲೆಯದು ಮಣ್ಣಿನ ನೆಲ. ಖಾನಾಪುರದ ಮಳೆ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆ ಹಿಡಿಯಿತೆಂದರೆ ನೆಲದೊಳಗಿಂದಲೇ ನೀರು ಜಿನುಗುತ್ತಿತ್ತು. ಕೂರಲು ಜಾಗವಿಲ್ಲದೆ ಶಾಲೆ ದಸರೆಯವರೆಗೆ ಬಂದ್. ಆ ಬಿಡುವಿನಲ್ಲಿ ಮನೆಯವರು ವರ ಹುಡುಕಿಬಿಡುತ್ತಿದ್ದರು. ಮಳೆ ನಿಂತು ಶಾಲೆ ತೆರೆದಾಗ ಅರ್ಧ ಹುಡುಗಿಯರು ಇರುತ್ತಿರಲಿಲ್ಲ. ನನ್ನ ಅಕ್ಕ ಹಾಗೆಯೇ ಶಾಲೆ ಬಿಟ್ಟವಳು. ಆ ವರ್ಷ ನನ್ನ ಸರದಿ. “ಹಲಸಿ ಕಡೆಯವರು ಮಳಿಗಾಲದಾಗ ಹುಡುಗೀನ ನೋಡಾಕ ಬರ್ತಾರ. ಸಾಲಿ ಹೆಂಗೂ ಬಂದ್ ಇರ್ತೈತಿ,” ಎಂದು ಅಜ್ಜಿ ಗೊತ್ತುಮಾಡಿಯೇ ಬಿಟ್ಟಿದ್ದಳು. ಅಜ್ಜಿ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಅಪ್ಪನೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನನಗೆ ಓದಬೇಕಿತ್ತು. ಯಾರಿಗೆ ಹೇಳಲಿ?

ಬೇಸಿಗೆ ಇಳಿಮುಖವಾಗುವ ಹೊತ್ತಿಗೆ ಅಕ್ಕೋರು ಎಲ್ಲ ತಾಯಂದಿರನ್ನು ಕರೆಸಿದರು. “ಈ ಮಳಿಗಾಲಕ್ಕ ಸಾಲಿ ಮುಚ್ಚೂದಿಲ್ರಿ. ನೆಲಾ ನಾವ ಹಾಕೂಣು,” ಎಂದರು. ಫರಶಿ ಕಲ್ಲು ತರಿಸುವ ಶಕ್ತಿ ಊರಿಗಿರಲಿಲ್ಲ. ಬೆಳಗಾವಿಯ ಯಾವುದೋ ಸಾಹುಕಾರರ ಮನೆಯಲ್ಲಿ, ಒಡೆದ ಚೀನಿ ಸಾಮಾನಿನ ಚೂರುಗಳನ್ನು ಸುಣ್ಣದ ಗಚ್ಚಿನಲ್ಲಿ ಕೂರಿಸಿದ ನೆಲವನ್ನು ಅವರು ನೋಡಿದ್ದರಂತೆ. ಅಂಥ ನೆಲಕ್ಕೆ ಥಂಡಿ ಏರುವುದಿಲ್ಲವಂತೆ. ಆದರೆ ನಮ್ಮೂರಲ್ಲಿ ಚಹಾ ಕುಡಿಯುವ ಮನೆಗಳೇ ಬೆರಳೆಣಿಕೆ, ಕಪ್ಪು-ಬಶಿ ಎಲ್ಲಿಂದ ತರುವುದು? ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ಇಂಗ್ಲಿಷ್ ಸಾಹೇಬರ ಅಡುಗೆಮನೆಗಳ ಹಿಂದೆ ಎಸೆದಿದ್ದ ಚೂರುಗಳನ್ನು ಅಕ್ಕೋರು ಚೀಲಗಟ್ಟಲೆ ತುಂಬಿಸಿ ರೈಲಿನಲ್ಲಿ ತಂದರು. ದೇಸೂರ ಸ್ಟೇಷನ್ನಿನಲ್ಲಿ, ಬಾಗಿಲಿಗೆ ಅಡ್ಡವಾಗಿದ್ದ ಚೀಲವನ್ನು ಯಾರೋ ಎಳೆದಾಗ ಅದು ಹರಿದು ಚೂರೆಲ್ಲ ಕೆಳಗೆ ಚೆಲ್ಲಿತಂತೆ. ಗಾರ್ಡು ಸೀಟಿ ಊದಿದರೂ ಇವರು ಇಳಿದು ಸೆರಗಿಗೆ ಆರಿಸಿ ತುಂಬುತ್ತಲೇ ಇದ್ದರು. ಕೊನೆಗೆ ಗಾರ್ಡೇ ಬಾವುಟ ಕಂಕುಳಲ್ಲಿಟ್ಟುಕೊಂಡು ಆರಿಸಲು ಬಗ್ಗಿದನಂತೆ.

ಚೀಲ ಬಿಚ್ಚಿದ ದಿನವೇ ತಕರಾರು ಶುರುವಾಯಿತು. ಮುಂದೆ ನಿಂತವಳು ನಮ್ಮ ಅಜ್ಜಿ. ಮೊದಲೇ ಜೈನರ ಮನೆಯವಳು, ಮೇಲೆ ಮಡಿವಂತೆ. “ಮಾಂಸಾ ತಿಂದ ತಾಟು ಇವು. ಇದರ ಮ್ಯಾಲ ನಮ್ಮ ಹುಡುಗ್ಯಾರು ಪಾಟಿ-ಪುಸ್ತಕ ಇಡಬೇಕೇನ್ರಿ?” ಎಂದಳು. ಉಳಿದ ತಾಯಂದಿರೂ ಮಕ್ಕಳ ಕೈ ಹಿಡಿದು ಹಿಂದೆ ಸರಿದರು. ನನಗೆ ಅಲ್ಲಿಗೇ ಎಲ್ಲ ಮುಗಿಯಿತು ಅನಿಸಿತು.

ಅಕ್ಕೋರು ವಾದಕ್ಕೆ ನಿಲ್ಲಲಿಲ್ಲ. ಒಲ್ಲೆ ಅಂದವರನ್ನೇ ಕೆಲಸಕ್ಕೆ ಹಚ್ಚುವುದು ಅವರ ರೀತಿ. “ನೀವು ಅನ್ನೂದು ಖರೇ ಅದರಿ, ಅಮ್ಮಾ. ಹಂಗಾದ್ರ ಇವನ್ನ ಶುದ್ಧ ಮಾಡೂದು ಹೆಂಗ? ನೀವ ಹೇಳ್ರಿ,” ಎಂದು ಚೀಲದ ಪಕ್ಕದಲ್ಲಿ ಕೂತೇಬಿಟ್ಟರು. ಕೇಳಿದರೆ ಹೇಳದೆ ಇರುವವಳೇ ನಮ್ಮ ಅಜ್ಜಿ? ಬಹಳ ಹೊತ್ತು ಯೋಚಿಸಿ, “ಬೆಂಕ್ಯಾಗ ಹೋಗಿ ಬರ್ಬೇಕು. ಕುಂಬಾರರ ಆವಿಗ್ಯಾಗ ಹಾಕಸ್ರಿ,” ಎಂದಳು.

“ನಾಳೆ ನೀವೂ ಬರಬೇಕ್ರಿ. ನಿಮ್ಮ ಎದರಿಗೇ ಹಾಕಸೂಣು,” ಎಂದರು ಅಕ್ಕೋರು.

ಮರುದಿನ ಅಜ್ಜಿಯೇ ಯಜಮಾನಿ. ಚೂರುಗಳಲ್ಲಿ ಇರುವೆ ಸೇರಿಕೊಂಡಿದ್ದರೆ ಸುಟ್ಟು ಪಾಪ ಬಂದೀತೆಂದು ಅವನ್ನೆಲ್ಲ ಬಿಸಿಲಿಗೆ ಹರವಿಸಿ, ಒಂದೊಂದನ್ನೇ ಕೊಡವಿಸಿದಳು. ಕುಂಬಾರರು ನಗುವನ್ನು ತಡೆದುಕೊಂಡು ತಮ್ಮ ಗಡಿಗೆಗಳ ನಡುವೆ ಅವಕ್ಕೂ ಜಾಗ ಮಾಡಿದರು. ಆವಿಗೆ ಆರಿ ತೆಗೆದಾಗ ಕೆಲವು ಸೀಳಿದ್ದವು, ಬಂಗಾರದ ಅಂಚುಗಳೆಲ್ಲ ಕರ್ರಗಾಗಿದ್ದವು. ನಾವು ಹುಡುಗಿಯರು ಮುಖ ಸಪ್ಪೆ ಮಾಡಿಕೊಂಡೆವು. ಅಜ್ಜಿಗೆ ಮಾತ್ರ ಎಲ್ಲಿಲ್ಲದ ಖುಷಿ. “ಸಾಹೇಬರ ಗುರ್ತಾ ಹೋತು ನೋಡು,” ಎಂದಳು.

ಆಮೇಲೆ ನೆಲದ ಕೆಲಸ. ಗೌಂಡಿ ಸುಣ್ಣ, ಮರಳು, ಬೆಲ್ಲದ ನೀರು ಕಲಸಿ ಗಚ್ಚು ಹದ ಮಾಡಿಕೊಟ್ಟ. ಆ ನೀರನ್ನೂ ಅಜ್ಜಿ ಬಟ್ಟೆಯಲ್ಲಿ ಸೋಸಿಸದೆ ಬಿಡಲಿಲ್ಲ. ಹಸಿ ಗಚ್ಚಿನ ಮೇಲೆ ರಂಗೋಲಿಗೆ ಇಡುವಂತೆ ಅವಳೇ ಚುಕ್ಕಿ ಇಟ್ಟಳು. ಕಾಲಡಿ ಬರುವುದರಿಂದ ಕಮಲ ಬೇಡ, ಸ್ವಸ್ತಿಕ ಬೇಡ, ಬಳ್ಳಿ ಸಾಕು ಎಂದು ಎಲ್ಲರೂ ಒಪ್ಪಿದರು. ನಾವು ಹುಡುಗಿಯರು ಚೂರು ಕೊಡುತ್ತಿದ್ದೆವು, ತಾಯಂದಿರು ಕೂರಿಸಿ ಹಲಗೆಯಿಂದ ಬಡಿಯುತ್ತಿದ್ದರು. ಒಂದು ಮೂಲೆಯಲ್ಲಿ ಮರಾಠಿ ಹಾಡು, ಇನ್ನೊಂದರಲ್ಲಿ ಕನ್ನಡದ ಬೀಸುವ ಪದ. ಅಕ್ಕೋರ ಬೆರಳು ಸುಣ್ಣಕ್ಕೆ ಬಿರಿದು ರಕ್ತ ಬರುತ್ತಿತ್ತು. ಅರಿವೆ ಸುತ್ತಿಕೊಂಡು ಮತ್ತೆ ಕೂರುತ್ತಿದ್ದರು. ಗಚ್ಚು ಇನ್ನೂ ಪೂರ್ತಿ ಆರಿರಲಿಲ್ಲ, ಮುಗಿಲು ಕಪ್ಪಿಟ್ಟಿತು...

ಆ ಸಲ ಮಳೆ ಜೋರು. ಮೊದಮೊದಲು ಶಾಲೆಗೆ ಬಂದವರು ನಾಲ್ಕಾರು ಹುಡುಗಿಯರಷ್ಟೇ. ಅಕ್ಕೋರು ತುಂಬಿದ ತರಗತಿಗೆ ಹೇಳುವಂತೆಯೇ ಗಟ್ಟಿಯಾಗಿ ಪಾಠ ಹೇಳಿದರು. ನೆಲ ತಂಪಾಗಿತ್ತು, ಆದರೆ ಒದ್ದೆಯಾಗಿರಲಿಲ್ಲ. ಸುದ್ದಿ ಮನೆಮನೆಗೆ ಹೋಯಿತು, ಒಬ್ಬೊಬ್ಬರೇ ಬರತೊಡಗಿದರು.

ಒಂದು ಮಧ್ಯಾಹ್ನ ನಾನು ಎದ್ದು ನಿಂತು ಪಾಠ ಓದುತ್ತಿದ್ದೆ. ಬಾಗಿಲಲ್ಲಿ ಅಜ್ಜಿ, ಗೊಂಗಡಿ ಹೊದ್ದು ಪೂರ್ತಿ ತೊಯ್ದು ನಿಂತಿದ್ದಳು. ಹಲಸಿಯವರು ಬಂದಿದ್ದಾರೆ ಎಂದು ಕೇಳದೆಯೇ ತಿಳಿಯಿತು. ಅಕ್ಕೋರಿಗೂ ತಿಳಿದಿರಬೇಕು. ಅವರು ಏನನ್ನೂ ಕೇಳದೆ, “ಬರ್ರಿ ಅಮ್ಮಾ, ಕುಂದರ್ರಿ,” ಎಂದರು. ನನ್ನತ್ತ ತಿರುಗಿ, “ಮುಂದ ಓದು,” ಎಂದರು.

ಓದಿದೆ. ಅಜ್ಜಿ ಗೊಂಗಡಿಯನ್ನು ಹೊರಗೆ ಬಿಟ್ಟು ಒಳಗೆ ಬಂದಳು. ನೆಲವನ್ನು ಅಂಗೈಯಿಂದ ಒತ್ತಿ ನೋಡಿದಳು, ಗೋಡೆಗೆ ಒರಗಿ ಕೂತಳು. ತಾನೇ ಚುಕ್ಕಿ ಇಟ್ಟ ಬಳ್ಳಿಯ ಮೇಲೆ ಬೆರಳಾಡಿಸುತ್ತ ಪಾಠವೆಲ್ಲ ಕೇಳಿದಳು. ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಮಳೆ ಸ್ವಲ್ಪ ಇಳಿದಾಗ ಎದ್ದಳು.

“ಮನ್ಯಾಗ ಮಂದಿ ಬಂದು ಕುಂತಾರ್ರಿ, ಅಕ್ಕೋರ,” ಎಂದಳು. “ಹುಡುಗಿ ಸಾಲಿಗೆ ಹೋಗ್ಯಾಳ, ದೀಪಾವಳಿಗೆ ಬರ್ರಿ ಅಂತ ಹೇಳ್ತೀನಿ.”

ಗೊಂಗಡಿ ಹೊದ್ದು ಒಬ್ಬಳೇ ಹೊರಟುಹೋದಳು.

ಹಲಸಿಯವರು ದೀಪಾವಳಿಗೆ ಬರಲಿಲ್ಲ. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಕಟ್ಟಿ ಪಾಸಾದೆ, ಮುಂದೆ ನಾನೂ ಅಕ್ಕೋರಾದೆ. ನಮ್ಮ ಅಕ್ಕೋರಿಗೆ ಬೇರೆ ಊರಿಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟಿದ್ದು ತೀರ ತಡವಾಗಿ. ಆ ದಿನ ನಾನು ತರಗತಿಯಲ್ಲೇ ಅತ್ತೆ.

ಬಶಿ ಒಡೆದ ಮರುದಿನ ಮನಸ್ಸು ತಡೆಯದೆ ಖಾನಾಪುರಕ್ಕೆ ಹೋಗಿಬಂದೆ. ಹಳೆಯ ಶಾಲೆ ಇಲ್ಲ, ಆ ನೆಲವೂ ಇಲ್ಲ. ಸಿಮೆಂಟಿನ ಹೊಸ ಕಟ್ಟಡ. ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು. ಒಳಗೆ ಕೋಣೆ ತುಂಬ ಹುಡುಗಿಯರು ಕೂತು ಪಾಠ ಒಪ್ಪಿಸುತ್ತಿದ್ದರು, ಅದೊಂದು ದೊಡ್ಡ ಸಂಗತಿ ಎಂದು ಯಾರಿಗೂ ಅನಿಸಿದ ಹಾಗಿರಲಿಲ್ಲ. ಇದನ್ನು ಅಕ್ಕೋರಿಗೆ ಹೇಳಬೇಕು ಅನಿಸಿತು. ಹೇಳೋಣವೆಂದರೆ ಅವರಿಲ್ಲ.