ಇಲ್ಲ ಎನ್ನುವವರು ಬೇಕಾಗಿದ್ದಾರೆ

ಎದುರಿಗೆ ನಿಂತವರ ಮುಖ ನೋಡಿಕೊಂಡು 'ಇಲ್ಲ' ಎನ್ನುವುದು ನನಗೆ ಬರುವುದಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ, ನನಗೆ ಇದು. ವಿಮೆ ಮಾಡಿಸಿರೆಂದು ಬಂದ ಏಜೆಂಟರಿಗೆ ಒಮ್ಮೆ 'ನೋಡೋಣ್ರಿ' ಎಂದಿದ್ದೆ. ಅವರು ಈಗಲೂ ಆಗೀಗ ಮನೆಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಮಕ್ಕಳ ಓದು ವಿಚಾರಿಸುತ್ತಾರೆ, ಹೋಗುತ್ತಾರೆ. ವಿಮೆಯ ಮಾತನ್ನು ಇಬ್ಬರೂ ಎತ್ತುವುದಿಲ್ಲ. ನಾನು ಏನು ಹೇಳಿದೆನೆಂಬುದು ಅವರಿಗೆ ಅಂದೇ ತಿಳಿದಿತ್ತು; ಅವರೂ ನನ್ನಂತೆ ಆಳಂದದ ಕಡೆಯವರೇ.

ಉದ್ಯಮಶೀಲತೆಯ ಪಾಠ ನನ್ನ ಕೊರಳಿಗೆ ಬಿದ್ದದ್ದೂ ಇದೇ ಕಾರಣಕ್ಕೆ. ನಾನು ಎಲೆಕ್ಟ್ರಾನಿಕ್ಸ್ ಕಲಿಸುವ ಮಾಸ್ತರ. ಜೀವಮಾನದಲ್ಲಿ ನಾನು ಮಾರಿದ ವಸ್ತುವೆಂದರೆ ಒಂದು ಹಳೆಯ ಸ್ಕೂಟರು. ಅದನ್ನೂ ಕೊಂಡವರು ನನ್ನ ಮಾವನವರು. ನಮ್ಮ ವಿಭಾಗಕ್ಕೆ ಮೈಸೂರಿನಿಂದ ಬಂದ ಹೊಸ ಮುಖ್ಯಸ್ಥರು ಕರೆದು, "ತಂತ್ರಜ್ಞಾನ, ನಾವೀನ್ಯತೆ, ಉದ್ಯಮಶೀಲತೆ ಅಂತ ಹೊಸ ಪೇಪರ್ ಬಂದಿದೆ, ನೀವು ತಗೋತೀರಾ?" ಎಂದು ಕೇಳಿದರು. 'ನೋಡೋಣ್ರಿ ಸರ್' ಎಂದೆ. ನಮ್ಮ ಕಡೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಅವರು ಮೈಸೂರಿನವರು, ಒಪ್ಪಿಗೆಯೆಂದೇ ತಿಳಿದರು. ಮರುದಿನ ವೇಳಾಪಟ್ಟಿಯಲ್ಲಿ ನನ್ನ ಹೆಸರಿತ್ತು.

ಪಠ್ಯಪುಸ್ತಕದ ಮೊದಲ ಪಾಠವೇ ನನ್ನನ್ನು ಕಂಗೆಡಿಸಿತು. ಉದ್ಯಮ ಶುರು ಮಾಡುವವನು ಮೊದಲು ಜನರ ಹತ್ತಿರ ಹೋಗಬೇಕು, ನಿಮ್ಮ ತೊಂದರೆ ಏನೆಂದು ಕೇಳಬೇಕು, ನನ್ನ ವಸ್ತು ನಿಮಗೆ ಬೇಕೋ ಬೇಡವೋ ಎಂದು ಕೇಳಬೇಕು. ಬೇಡ ಎಂದರೆ ಬೇಸರ ಪಡಬಾರದು. ಆ 'ಬೇಡ'ವೇ ಅವನ ಬಂಡವಾಳವಂತೆ. ಬರೆದವನು ಯಾವ ದೇಶದವನೋ, ಅಲ್ಲಿಯ ಜನ ಬಾಗಿಲು ತೆರೆದ ಕೂಡಲೇ ಬೇಡ ಎನ್ನುತ್ತಿರಬೇಕು. ನಮ್ಮಲ್ಲಿ ಬಾಗಿಲು ತೆರೆದ ಕೂಡಲೇ ನೀರು ಕೊಡುತ್ತಾರೆ. ನೀರು ಕೊಟ್ಟ ಮೇಲೆ ಬೇಡ ಎನ್ನುವುದು ಹೇಗೆ?

ಯೋಚಿಸಿದರೆ ನಮ್ಮ ಮಾತೆಲ್ಲ ಹೀಗೇ ಇದೆ. ಹೊರಟವರು 'ಹೋಗ್ತೇನಿ' ಎನ್ನುವುದಿಲ್ಲ, 'ಬರ್ತೇನಿ' ಎನ್ನುತ್ತಾರೆ. ಜೋಳ ತೀರಿದರೆ ನನ್ನವ್ವ ತೀರಿತು ಎನ್ನುತ್ತಿರಲಿಲ್ಲ, 'ಹೆಚ್ಚಾಗೈತಿ' ಎನ್ನುತ್ತಿದ್ದಳು. ನರೋಣಾದ ನಮ್ಮ ಓಣಿಯ ಕಿರಾಣಿ ಅಂಗಡಿಯವನು ಸಾಬೂನು ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. ಸಾಬೂನು ಯಾವಾಗಲೂ ದಾರಿಯಲ್ಲಿರುತ್ತಿತ್ತು. ಹಳಗನ್ನಡದವರು ಹೀಗಿರಲಿಲ್ಲ. ಅವರಿಗೆ 'ಬಾರೆನು', 'ಕೊಡೆನು', 'ಒಲ್ಲೆನು' ಎಂದು ಒಂದೇ ಪದದಲ್ಲಿ ಕತ್ತರಿಸಿ ಹೇಳಲು ಬರುತ್ತಿತ್ತು. ನಡುವೆ ನಮಗೇನಾಯಿತೋ. ನಿಜಾಮರ ಕಾಲದಲ್ಲಿ ಕಚೇರಿಗಳಲ್ಲಿ ಅರ್ಜಿ ಹಿಡಿದು ನಿಂತವರಿಗೆ ಸಾಹೇಬರು 'ದೇಖೇಂಗೆ' ಎನ್ನುವುದನ್ನು ಕೇಳಿ ಕೇಳಿ, ನಾವು ಅದನ್ನೇ ಕಲಿತು 'ನೋಡೋಣ' ಮಾಡಿಕೊಂಡೆವೇನೋ ಎಂದು ನನ್ನ ಗುಮಾನಿ. ಆಧಾರ ಕೇಳಬೇಡಿ; ಕೇಳಿದರೆ ನೋಡೋಣ ಎಂದೇನು.

ಊಟಕ್ಕೆ ಕೂತಾಗ ಮಾತ್ರ ನಾವು 'ಬ್ಯಾಡ, ಬ್ಯಾಡ' ಎಂದು ಕೈ ಅಡ್ಡ ಹಿಡಿಯುತ್ತೇವೆ. ಆಗ ಅದನ್ನು ಯಾರೂ ನಂಬುವುದಿಲ್ಲ.

ಇಂಥ ಸೀಮೆಯಲ್ಲಿ ನನ್ನ ವಿದ್ಯಾರ್ಥಿಗಳು ಪ್ರಶ್ನೆ ಬರೆದುಕೊಂಡು ಹೊರಟರು. ಆಳಂದದವರು ಆಳಂದಕ್ಕೆ, ಅಫಜಲಪುರದವರು ಅಫಜಲಪುರಕ್ಕೆ, ಜೇವರ್ಗಿಯವರು ಜೇವರ್ಗಿಗೆ. ಒಂದು ವಾರ ಬಿಟ್ಟು ಎಲ್ಲರೂ ನಗುನಗುತ್ತ ಬಂದರು. ಯಾರಿಗೂ ಯಾವ ತೊಂದರೆಯೂ ಇರಲಿಲ್ಲ, ಎಲ್ಲ ಆರಾಮ. ಆದರೂ ಇವರು ಮಾಡುವ ಎಲ್ಲವನ್ನೂ ಎಲ್ಲರೂ ಕೊಳ್ಳುವವರಿದ್ದರು. ಪುಸ್ತಕದ ಪ್ರಕಾರ ಇಷ್ಟು ಸುಖಿಯಾದ, ಇಷ್ಟು ಉದಾರವಾದ ಮಾರುಕಟ್ಟೆ ಭೂಮಿಯ ಮೇಲೆ ಮತ್ತೊಂದಿರಲಾರದು.

ಅವರಲ್ಲಿ ಸುಜಾತಾ ಎಂಬ ಹುಡುಗಿ ಇದ್ದಳು. ಅತನೂರಿನವಳು. ತಂದೆ ಮನೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಾರೆ, ತಾಯಿ ಬೇರೆಯವರ ಹೊಲಕ್ಕೆ ಹೋಗುತ್ತಾರೆ. ಅವಳು ಮಾಡಿದ್ದು ಒಂದು ಡಬ್ಬಿ. ಮಳೆಗಾಲದಲ್ಲಿ ಕಡಕ್ ರೊಟ್ಟಿ ತಂಪು ಹಿಡಿದು ಮೆತ್ತಗಾಗುತ್ತದಲ್ಲ, ಆಗದಂತೆ ಕಾಯುವ ತಗಡಿನ ಡಬ್ಬಿ. ಅಡಿಯಲ್ಲಿ ಸಣ್ಣಗೆ ಬಿಸಿಯಾಗುವ ತಂತಿ, ಅಂಗೈಯಷ್ಟು ಫ್ಯಾನು, ಒಳಗಿನ ತೇವ ಅಳೆಯುವ ಸೆನ್ಸರ್. ಕರೆಂಟಿಗೆ ಹಚ್ಚಿದರೆ ತಾನೇ ಶುರುವಾಗುತ್ತದೆ, ಒಣಗಿದ ಕೂಡಲೇ ತಾನೇ ನಿಂತು ಹಸಿರು ದೀಪ ತೋರಿಸುತ್ತದೆ. ಎಲೆಕ್ಟ್ರಾನಿಕ್ಸ್ ಮಾಸ್ತರನಾಗಿ ಹೇಳುತ್ತೇನೆ, ಕೆಲಸ ಬಹಳ ಅಚ್ಚುಕಟ್ಟು. ತೋರಿಸಿದ ಮನೆಗಳಲ್ಲೆಲ್ಲ "ಭಾಳ ಪಸಂದ ಐತಿ, ತಗೋತೇವಿ" ಎಂದಿದ್ದರು. ನನಗೂ ತೋರಿಸಿದಳು. ನಾನೂ ಅದನ್ನೇ ಅಂದೆ.

ಅಷ್ಟಕ್ಕೇ ಮುಗಿದಿದ್ದರೆ ಅಂಕ ಕೊಟ್ಟು ಸುಮ್ಮನಿರುತ್ತಿದ್ದೆ. ಆದರೆ ಅದೇ ಹೊತ್ತಿಗೆ ಸೊಲ್ಲಾಪುರದ ಒಂದು ಕಾರ್ಖಾನೆಯಲ್ಲಿ ಅವಳಿಗೆ ನೌಕರಿ ಸಿಕ್ಕಿತು. ಅವರ ಮನೆಯಲ್ಲಿ ತಿಂಗಳ ಪಗಾರದ ನೌಕರಿ ಯಾರೂ ಕಂಡಿರಲಿಲ್ಲ. ಪರೀಕ್ಷೆ ಮುಗಿದ ಕೂಡಲೇ ಹಾಜರಾಗಬೇಕು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ನಿಂತಳು.

"ಸರ್, ಎಲ್ಲಾರೂ ತಗೋತೇವಿ ಅಂದಾರ್ರಿ. ನೌಕರಿ ಬಿಟ್ಟು ಡಬ್ಬಿ ಮಾಡ್ಕೋತ ಕುಂದರ್ಲೇನ್ರಿ? ಖರೆ ಹೇಳ್ರಿ."

ಖರೆ ನನಗೆ ಗೊತ್ತಿತ್ತು. ನಮ್ಮ ಹೆಣ್ಣುಮಕ್ಕಳು ರೊಟ್ಟಿ ಮೆತ್ತಗಾದರೆ ಒಲೆಯ ಮಗ್ಗುಲಿಗೆ ಒರಗಿಸಿ ಇಡುತ್ತಾರೆ, ಇಲ್ಲವೇ ಮುರಿದು ಮಜ್ಜಿಗೆಯಲ್ಲಿ ಹಾಕಿ ತಿನ್ನುತ್ತಾರೆ. ಯಾರೂ ಅದನ್ನು ಒಂದು ತೊಂದರೆಯೆಂದು ತಿಳಿದವರಲ್ಲ. ಇದನ್ನು ಎರಡು ಮಾತಲ್ಲಿ ಹೇಳಿಬಿಡಬಹುದಿತ್ತು. ಆದರೆ ಆ ಹುಡುಗಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

"ನೋಡೋಣಮ್ಮಾ," ಎಂದೆ.

ಅವಳೂ ನಮ್ಮ ಸೀಮೆಯವಳೇ. ಒಂದು ಗಳಿಗೆ ನನ್ನ ಮುಖ ನೋಡಿ, "ಆಯ್ತ್ರಿ ಸರ್" ಎಂದು ಹೋದಳು. ಆ ದಿನವೆಲ್ಲ ನನಗೆ ನನ್ನ ಮೇಲೆಯೇ ಸಿಟ್ಟು. ಒಂದು ಹುಡುಗಿಯ ಬದುಕಿನ ಪ್ರಶ್ನೆಗೆ ವಿಮಾ ಏಜೆಂಟರಿಗೆ ಕೊಟ್ಟ ಉತ್ತರ ಕೊಟ್ಟು ಕಳಿಸಿದ್ದೆ.

ಮುಂದಿನ ವಾರ ಅವಳೇ ಹೊಸ ಉಪಾಯ ತಂದಳು. ಮಾಡಿದ ಅಷ್ಟೂ ಡಬ್ಬಿಗಳನ್ನು ಪುಕ್ಕಟೆ ಹಂಚುತ್ತಾಳಂತೆ. ಅತನೂರಿನಲ್ಲಿ ಕೆಲವು, ಮಣ್ಣೂರಿನ ಸಣ್ಣವ್ವನ ಮನೆಗೊಂದು, ಜೇವರ್ಗಿಯ ಗೆಳತಿಯ ಮನೆಗೊಂದು, ನನಗೊಂದು. ಮಳೆ ಹಿಡಿದ ಮೇಲೆ ಹೋಗಿ ವಾಪಸ್ ಕೇಳುತ್ತಾಳಂತೆ.

"ಕೊಡಾಕ ಹೋದಾಗ ಯಾರೂ ಒಲ್ಲೆ ಅನ್ನಂಗಿಲ್ರಿ ಸರ್. ಕಸ್ಗೊಳ್ಳಾಕ ಹೋದಾಗ ಏನಂತಾರ ನೋಡ್ತೇನ್ರಿ."

ನನ್ನ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಹಾಕಿದೆ. ಈ ವಿಧಾನ ಅದರಲ್ಲಿರಲಿಲ್ಲ.

ಮಳೆ ಹಿಡಿಯಿತು. ನನ್ನ ಮನೆಗೆ ಬಂದ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತು. ಹೆಂಡತಿ ಎರಡು ದಿನ ರೊಟ್ಟಿ ಇಟ್ಟಳು, ಮೂರನೆಯ ದಿನ ಅದರ ಪ್ಲಗ್ ತೆಗೆದು ಮೊಬೈಲ್ ಚಾರ್ಜಿಗೆ ಹಚ್ಚಿದಳು. ಆಮೇಲೆ ಡಬ್ಬಿಯ ಮೇಲೆ ದಿನಪತ್ರಿಕೆಗಳು ಕೂತವು. ನಾನು ನೋಡಿಯೂ ನೋಡದವನಂತಿದ್ದೆ.

ಪರೀಕ್ಷೆ ಮುಗಿದ ವಾರ ಸುಜಾತಾ ಡಬ್ಬಿಗಳನ್ನು ಕೂಡಿಸಲು ಹೊರಟಳು. ಎಲ್ಲರೂ ಸಂತೋಷದಿಂದ ವಾಪಸ್ ಕೊಟ್ಟರು. ಬರಿದೇ ಅಲ್ಲ, ನಮ್ಮಲ್ಲಿ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಕೊಡುವ ರೂಢಿ ಇಲ್ಲವಲ್ಲ. ಒಂದರಲ್ಲಿ ಶೇಂಗಾ ಹಿಂಡಿ, ಒಂದರಲ್ಲಿ ತೊಗರಿಬೇಳೆ, ಜೇವರ್ಗಿಯ ಡಬ್ಬಿಯಲ್ಲಿ ಕುಪ್ಪಸ ಹೊಲಿಸುವ ಒಂದು ಕಣ. ಹಸಿರು ದೀಪ ಉರಿಯುವ ಯಂತ್ರವನ್ನು ಒರೆಸಿ, ತೊಳೆದು, ಉಡಿ ತುಂಬಿ ತವರಿಗೆ ಕಳಿಸಿದಂತೆ ಕಳಿಸಿದ್ದರು.

ಆಮೇಲೆ ನನ್ನ ಮನೆಗೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಒಳಗಿನಿಂದ ಡಬ್ಬಿ ತಂದು ಕೈಗಿಟ್ಟಳು. ಸುಜಾತಾ ಮುಚ್ಚಳ ತೆಗೆದಳು. ತುಂಬ ಸಕ್ಕರೆ.

"ನೀವೂ ತುಂಬಿಸೇ ಕೊಟ್ರಿ ಸರ್," ಎಂದು ನಕ್ಕಳು.

ನಾನು ಹೇಳಲಾರದೆ ಒದ್ದಾಡಿದ್ದನ್ನು ನನ್ನ ಹೆಂಡತಿ ಒಂದು ಡಬ್ಬಿ ಸಕ್ಕರೆಯಲ್ಲಿ ಹೇಳಿ ಮುಗಿಸಿದ್ದಳು. ನನಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು. ಈಗಲಾದರೂ ಇವಳು ಸೊಲ್ಲಾಪುರಕ್ಕೆ ಹೋಗುತ್ತಾಳೆ ಎಂದುಕೊಂಡೆ.

"ಇನ್ನೊಂದು ಉಳದೈತ್ರಿ, ಮಣ್ಣೂರದು. ನೀವೂ ಬರ್ರಿ ಸರ್," ಎಂದಳು. ನೋಡೋಣ ಎನ್ನಲು ನಾಲಿಗೆ ಏಳಲಿಲ್ಲ. ಹೋದೆ.

ಮಣ್ಣೂರ ಭೀಮೆಯ ದಂಡೆಯ ಮೇಲಿನ ಊರು. ಮಳೆಗಾಲದಲ್ಲಿ ಅಲ್ಲಿ ಉಪ್ಪು ನೀರಾಗುತ್ತದೆ, ಕಡ್ಡಿಪೆಟ್ಟಿಗೆ ಗೀರಿದರೆ ಹತ್ತುವುದಿಲ್ಲ. ಸುಜಾತಾಳ ಸಣ್ಣವ್ವ ತನಗೆ ಕೊಟ್ಟ ಡಬ್ಬಿ ತನಗೆ ಬೇಕಾಗದೆ, ಬಸ್ ನಿಲ್ದಾಣದ ಹತ್ತಿರ ಚುರುಮುರಿ, ಮಿರ್ಚಿ ಭಜಿ ಮಾರುವ ಕಾಶಿಬಾಯಿಗೆ ಕೊಟ್ಟುಬಿಟ್ಟಿದ್ದಳು. ನಾವು ಹೋದಾಗ ಸಣ್ಣ ಮಳೆ ಬೀಳುತ್ತಿತ್ತು. ಪಕ್ಕದ ಪಾನ್ ಅಂಗಡಿಯಿಂದ ಎಳೆದ ವೈರಿಗೆ ಡಬ್ಬಿ ಹಚ್ಚಿತ್ತು. ಒಳಗೆ ರೊಟ್ಟಿ ಇರಲಿಲ್ಲ; ಚುರುಮುರಿ ಇತ್ತು. ಹಸಿರು ದೀಪ ಉರಿಯುತ್ತಿತ್ತು.

ಸುಜಾತಾ ತಾನು ಯಾರೆಂದು ಹೇಳಿ, ಡಬ್ಬಿ ವಾಪಸ್ ಬೇಕಾಗಿತ್ತು ಎಂದಳು.

"ಕೊಡಂಗಿಲ್ಲ ಬೇ!" ಎಂದರು ಕಾಶಿಬಾಯಿ.

ಅಷ್ಟು ಚೊಕ್ಕವಾದ ನಿರಾಕರಣೆಯನ್ನು ನಾನು ನಮ್ಮ ಸೀಮೆಯಲ್ಲಿ ಅದೇ ಮೊದಲು ಕೇಳಿದ್ದು. ಹಳಗನ್ನಡದ 'ಕೊಡೆನು' ಭೀಮಾ ದಂಡೆಯಲ್ಲಿ ಭಜಿ ಕರಿಯುತ್ತ ಕೂತಿತ್ತು.

"ನಂದು ಅದ ರೀ ಅದು..." ಎಂದಳು ಸುಜಾತಾ, ಮತ್ತೊಮ್ಮೆ ಪರೀಕ್ಷೆ ಮಾಡುವವಳಂತೆ.

"ನಿಂದಿರ್ಲಿ. ಮೊದಲ ಸಂಜೀಕ ಚುರುಮುರಿ ಮೆತ್ತಗಾಗಿ ದನಕ್ಕ ಹಾಕ್ತಿದ್ದೆ. ಈಗ ಕೊನೀ ಬಸ್ಸಿನ ಮಂದಿನೂ ಕುರುಂ ಕುರುಂ ತಿಂದು ಹೋಗ್ತಾರ. ಮಳಿಗಾಲ ಮುಗೀಲಿ, ಆಮ್ಯಾಲ ಬಾ. ಅವಸರ ಇದ್ರ ಇಂಥಾದ್ದ ಇನ್ನೊಂದು ಮಾಡ್ಕೋ." ಆಮೇಲೆ ನನ್ನ ಕಡೆ ಭಜಿ ಎತ್ತುವ ಝಾರಾ ತೋರಿಸಿ, "ಇವರ್ಯಾರು? ಡಬ್ಬಿ ಕಸ್ಗೊಳ್ಳಾಕ ಕರ್ಕೊಂಡ್ ಬಂದೀಯೇನು?" ಎಂದರು.

ನಾನು ಮಾಸ್ತರನೆಂದು ತಿಳಿದ ಮೇಲೆ ಒಂದು ಪ್ಲೇಟ್ ಚುರುಮುರಿ ಕೊಟ್ಟರು. ಗರಿಗರಿಯಾಗಿತ್ತು. ಸುಜಾತಾ ತಿನ್ನಲಿಲ್ಲ. ಡಬ್ಬಿಯ ದೀಪ ನೋಡುತ್ತ ನಿಂತಿದ್ದಳು. ಮಳೆ ಅವಳ ತಲೆಯ ಮೇಲೆ ಬೀಳುತ್ತಿದ್ದುದೂ ಅವಳಿಗೆ ತಿಳಿದಂತಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಧೈರ್ಯ ಮಾಡಿದೆ. ಈ ಸಲ ನೇರವಾಗಿ ಹೇಳಿದೆ. "ಸುಜಾತಾ, ನೌಕರಿ ಬಿಡಬ್ಯಾಡ. ಒಬ್ಬಾಕಿ ಕೊಡಂಗಿಲ್ಲ ಅಂದ್ರ ಅದು ಧಂಧೆ ಆಗಂಗಿಲ್ಲ. ಸೊಲ್ಲಾಪುರಕ್ಕ ಹೋಗು." ಒಬ್ಬ ಮನುಷ್ಯನ ಮುಖ ನೋಡಿ ಬೇಡ ಎಂದು ಹೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

"ಇಲ್ರಿ ಸರ್," ಎಂದಳು.

ನಾನು ಕೇಳಿದ್ದು ಸರಿಯೋ ಎಂದು ಅವಳ ಕಡೆ ತಿರುಗಿದೆ.

"ನಾ ಹೋಗಂಗಿಲ್ರಿ. ಈ ಮಳಿಗಾಲ ಒಂದು ನೋಡ್ತೇನ್ರಿ. ಗಾಣಗಾಪುರದಾಗ ಸಂಗಮದ ದಂಡಿ ತುಂಬ ಚುರುಮುರಿ ಅಂಗಡಿ ಅದಾವು. ರೊಟ್ಟಿ ಡಬ್ಬಿ ಅಂತ ಇನ್ನ ಯಾರಿಗೂ ಹೇಳಂಗಿಲ್ರಿ."

"ಮನ್ಯಾಗ ಹೇಳೀಯೇನು?"

"ಮುಂಜಾನೆ ಬರೋವಾಗ, ಮಣ್ಣೂರದಾಗ ಡಬ್ಬಿ ಕೊಡಂಗಿಲ್ಲ ಅಂದ್ರ ನೌಕರಿಗಿ ಹೋಗಂಗಿಲ್ಲ ಅಂತ ಹೇಳೇ ಬಂದೇನ್ರಿ. ಅಪ್ಪ ಸಿಟ್ಟಾಗ್ಯಾನ. ಅವ್ವ ಸೊಲ್ಲಾಪುರಕ್ಕ ಒಯ್ಯಾಕಂತ ರೊಟ್ಟಿ ಕಟ್ಟಿಟ್ಟಿದ್ಲು. ಗಂಟು ಬಿಚ್ಚಿ ಬುಟ್ಟಿಗಿ ಹಾಕಿದ್ಲು."

ನನಗೆ ಅವಳ ಬಗ್ಗೆ ಭಯವಾಯಿತು. ಈಗಲೂ ಆಗುತ್ತದೆ. ಪುಸ್ತಕದಲ್ಲಿ ಧೈರ್ಯಕ್ಕೆ ಒಂದು ಅಧ್ಯಾಯವೇ ಇದೆ, ಆದರೆ ಆ ರೊಟ್ಟಿ ಗಂಟಿನ ಮಾತು ಅದರಲ್ಲಿ ಬರುವುದಿಲ್ಲ. ಏನಾದರೂ ಮಾಡಬೇಕೆನಿಸಿ, "ಹಂಗಾದ್ರ ನನಗೂ ಒಂದು ಡಬ್ಬಿ ಇರ್ಲಿ. ಈ ಸಲ ಖರೆನೇ ಕೊಳ್ತೇನಿ," ಎಂದೆ.

ಅವಳು ಕಿಟಕಿಯ ಗಾಜು ಸರಿಸಿ ಮಳೆ ಒಳಗೆ ಬರದಂತೆ ಮಾಡಿ, ನನ್ನ ಕಡೆ ನೋಡಿದಳು.

"ಬ್ಯಾಡ್ರಿ ಸರ್. ಅದು ನಿಮಗ ಬೇಕಾಗಿಲ್ಲ."

ಆಮೇಲೆ ಅವಳು ಅತನೂರಿನಲ್ಲಿ ಇಳಿದು ಹೋದಳು. ನಾನು ಕತ್ತಲಾಗುವ ಹೊತ್ತಿಗೆ ಖಾಲಿ ಕೈಯಲ್ಲಿ ಮನೆ ಸೇರಿದೆ. ಮಳೆ ಜೋರಾಗಿತ್ತು. ರೊಟ್ಟಿ ಮೆತ್ತಗಾಗಿತ್ತು. ಮಜ್ಜಿಗೆಯಲ್ಲಿ ಮುರಿದು ಹಾಕಿಕೊಂಡು ತಿಂದೆ. ಅವಳು ಹೇಳಿದ್ದು ನಿಜ, ನನಗೇನೂ ತೊಂದರೆಯಾಗಲಿಲ್ಲ.