ಕೊಯ್ದು ನೋಡಿದ ಬಿತ್ತನೆ ಗಡ್ಡೆ

ಶುಂಠಿಯ ದುರಾಸೆಗೆ ಹಾಸನದ ರೈತರು ಆಲೂಗಡ್ಡೆ ಬಿಟ್ಟರು ಎನ್ನುತ್ತಾರೆ. ಚರ್ಚಾಸ್ಪರ್ಧೆಯಲ್ಲಿ ನಾನೂ ಹಾಗೇ ವಾದಿಸಿ ಗೆದ್ದಿದ್ದೆ. ಈ ಮುಂಗಾರಿಗೆ ಬಾಗೂರಿನ ಚಿಕ್ಕಪ್ಪನ ಜೊತೆ ಹಾಸನದ ಮಾರುಕಟ್ಟೆಗೆ ಹೋದೆ. ಪಂಜಾಬಿನಿಂದ ಬಂದ ಬಿತ್ತನೆ ಮೂಟೆಯಿಂದ ಚಿಕ್ಕಪ್ಪ ಒಂದು ಗಡ್ಡೆ ತೆಗೆದು ಕೊಯ್ದರು. ಒಳಗೆ ಕಂದು ಉಂಗುರ, ಕೊಳೆರೋಗದ ಗುರುತು. ಇನ್ನೊಂದು ಕೊಯ್ದರು, ಅದೂ ಹಾಗೇ.

“ಏನ್ ಗೌಡ್ರೆ, ಇಲ್ಲೇ ಸಾರಿಗೆ ಎಚ್ತಾ ಇದ್ದೀರಾ?” ವ್ಯಾಪಾರಿ ನಕ್ಕ.

“ಓದ್ ವರ್ಸ ನಿನ್ ಮಾತು ನಂಬಿ ಬಿತ್ತಿದ್ದೆ ಕಣಪ್ಪ, ಮಣ್ಣಲ್ಲೇ ಕೊಳ್ತೋಯ್ತು,” ಎಂದ ಚಿಕ್ಕಪ್ಪ ಚಾಕು ಮಡಚಿ, ಬರಿಗೈಯಲ್ಲಿ ಬಸ್ಸಿನ ಕಡೆ ನಡೆದರು.

ಅವರು ಆಲೂಗಡ್ಡೆ ಬೆಳೆಯುತ್ತಿದ್ದ ಹೊಲದಲ್ಲೀಗ ಶುಂಠಿಯಲ್ಲ, ಮುಸುಕಿನ ಜೋಳ ಮೊಣಕಾಲುದ್ದ ಬಂದಿದೆ. ಚಿಕ್ಕಪ್ಪ ಯಾರನ್ನೂ ಬಯ್ಯುವುದಿಲ್ಲ, ಬಯ್ದೂ ಸಾಕಾಗಿದೆ ಅವರಿಗೆ. ವ್ಯಾಪಾರಿಯವರೇ, ನಿಮ್ಮದೇ ಹೊಲವಾಗಿದ್ದರೆ ಆ ಗಡ್ಡೆ ಬಿತ್ತುತ್ತಿದ್ದಿರಾ?